ಮೀನಿಗೆ ದಾರಿ ಬಿಟ್ಟ ಡ್ಯಾಮ್

ತುಂಬಿದ ಡ್ಯಾಮ್ ನೋಡೋಕೆ ಜನ ಹೋಗ್ತಾರೆ, ಖಾಲಿ ಡ್ಯಾಮ್ ನೋಡೋಕೆ ಯಾರು ಹೋಗ್ತಾರೆ ಅಂತ ಹೆಂಡತಿ ಕೇಳಿದಳು. ಡಿಸೆಂಬರ್ ತಿಂಗಳ ಶನಿವಾರ, ಹೊರಗೆ ಜಿಟಿಜಿಟಿ ಮಳೆ. ಅಮೆರಿಕದಲ್ಲಿ ನಾವಿರುವ ಪೋರ್ಟ್‌ಲ್ಯಾಂಡಿನಿಂದ ಎರಡು ಗಂಟೆಗೂ ಜಾಸ್ತಿ ದಾರಿ. ಅವಳು ಬರಲಿಲ್ಲ. ಮಗಳಿಗೆ ಶಾಲೆಯಲ್ಲಿ ಸಾಲ್ಮನ್ ಪಾಠ ಆಗಿತ್ತು. ಮೀನು ತೋರಿಸ್ತೀನಿ ಅಂತ ಆಸೆ ಹಚ್ಚಿ ಅವಳನ್ನು ಕರೆದುಕೊಂಡು ಹೊರಟೆ. ಅದೇ ತಪ್ಪಾಗಿದ್ದು.

ಆರೆಗಾನ್ ರಾಜ್ಯದ ಯೂಜೀನ್ ಊರು ದಾಟಿ ಲೋವೆಲ್ ಕಡೆಗೆ ಹೋದರೆ ಫಾಲ್ ಕ್ರೀಕ್ ಡ್ಯಾಮ್ ಸಿಗುತ್ತದೆ. ಮಣ್ಣಿನ ಕಟ್ಟೆ, 1966ರದ್ದು. ಇಲ್ಲಿ ಕರೆಂಟ್ ಮಾಡುವುದಿಲ್ಲ, ಮುಖ್ಯವಾಗಿ ಪ್ರವಾಹ ತಡೆಯುವುದಕ್ಕೆ ಕಟ್ಟಿದ್ದು. ರಸ್ತೆ ಬದಿಗೆ ಕಾರು ನಿಲ್ಲಿಸಿ ಕೆಳಗೆ ನೋಡಿದೆ. ದೋಣಿ ಇಳಿಸುವ ಕಾಂಕ್ರೀಟ್ ಇಳಿಜಾರು ಅರ್ಧಕ್ಕೇ ಮುಗಿದು, ಅದರಾಚೆ ಬರೀ ಕೆಸರು. ಕೆಸರಿನಲ್ಲಿ ಕಪ್ಪು ಮರದ ಬುಡಗಳು. ನಟ್ಟನಡುವೆ ಕೆಂಚು ಬಣ್ಣದ ಒಂದು ಹೊಳೆ, ಡ್ಯಾಮ್ ಅನ್ನೋದೇ ಇಲ್ಲವೇನೋ ಅನ್ನುವ ಹಾಗೆ ಹರಿದುಕೊಂಡು ಹೋಗುತ್ತಿತ್ತು.

ನಾನು ಸಾಗರದ ಕಡೆಯವನು. ಈ ನೋಟ ನನಗೆ ಹೊಸದಲ್ಲ. ಲಿಂಗನಮಕ್ಕಿ ಹಿನ್ನೀರು ಬೇಸಿಗೆಯಲ್ಲಿ ಇಳಿದಾಗ ಮಡೆನೂರಿನ ಹಳೇ ಡ್ಯಾಮ್ ಎದ್ದು ನಿಲ್ಲುತ್ತಿತ್ತು, ಹೊಳೆಬಾಗಿಲಿನ ಲಾಂಚಿಗೆ ಗಾಡಿ ಹತ್ತಿಸುವುದು ನಿಲ್ಲುತ್ತಿತ್ತು. ಆದರೆ ಅಲ್ಲಿ ಖಾಲಿಯಾಗುವುದು ಮಳೆ ಬರೋದು ತಡವಾಗಿ. ಇಲ್ಲಿ ಚಳಿಗಾಲವೇ ಮಳೆಗಾಲ, ಆಗಲೇ ಬೇಕಂತ ಖಾಲಿ ಮಾಡುತ್ತಾರೆ. ತುಂಬಿದಾಗಿನ ಮಟ್ಟಕ್ಕಿಂತ ಸುಮಾರು 150 ಅಡಿ ಕೆಳಗೆ, ಹೊಳೆಯ ತಳದವರೆಗೆ. 2011ರಿಂದ ಚಳಿಗಾಲ ಬಂತೆಂದರೆ ಇದೇ ಕೆಲಸ.

ಯಾಕೆ ಅಂದರೆ, ಚಿನೂಕ್ ಸಾಲ್ಮನ್ ಮರಿಗಳಿಗೆ ಸಮುದ್ರಕ್ಕೆ ಹೋಗಬೇಕು. ಮೊಟ್ಟೆ ಇಡಲು ಸಮುದ್ರದಿಂದ ಹೊಳೆಗೆ ಮರಳಿ ಬರುವ ದೊಡ್ಡ ಮೀನುಗಳನ್ನು ಡ್ಯಾಮಿನ ಕೆಳಗೆ ಹಿಡಿದು, ಟ್ಯಾಂಕರ್ ಲಾರಿಯಲ್ಲಿ ಹೊತ್ತು ಮೇಲಿನ ಹೊಳೆಗೆ ಬಿಡುತ್ತಾರೆ. ಅವು ಅಲ್ಲಿ ಮೊಟ್ಟೆ ಇಟ್ಟು ಸಾಯುತ್ತವೆ. ಮರಿಗಳು ಸೆಳವಿನ ಜೊತೆ ಕೆಳಗೆ ಬಂದು, ನಿಂತ ನೀರಿಗೆ ಸಿಕ್ಕಿಹಾಕಿಕೊಳ್ಳುತ್ತವೆ. ಅವು ಈಜುವುದು ಮೇಲ್ಮಟ್ಟದಲ್ಲಿ, ನೀರು ಹೋಗುವ ತೂತು ಇರುವುದು ಡ್ಯಾಮಿನ ಬುಡದಲ್ಲಿ. ಅಷ್ಟು ಆಳಕ್ಕೆ ಯಾವ ಮರಿ ಮುಳುಗುತ್ತೆ? ಹಾಗಾಗಿ ಮೀನನ್ನು ತೂತಿನ ಹತ್ತಿರ ಕರೆಯುವ ಬದಲು ನೀರನ್ನೇ ಇಳಿಸಿಬಿಟ್ಟರು. ಇದಕ್ಕಿಂತ ಸರಳ ಉಪಾಯ ಇನ್ನೊಂದಿಲ್ಲ ಅನ್ನಿಸಿತು ನನಗೆ.

"ಮೀನು ಎಲ್ಲಿ?" ಅಂದಳು ಮಗಳು.

"ಆ ನೀರಲ್ಲಿ ಹೋಗ್ತಿರುತ್ತೆ."

"ಕಾಣ್ತಿಲ್ಲ."

ಕಾಣುವುದಾದರೂ ಹೇಗೆ, ಚಹಾದಂಥ ನೀರಲ್ಲಿ? ಸ್ವಲ್ಪ ಹತ್ತಿರದಿಂದ ತೋರಿಸೋಣ ಅಂತ ಇಳಿಜಾರಿನ ಕೊನೆಯಿಂದ ಒಂದೇ ಒಂದು ಹೆಜ್ಜೆ ಆಚೆ ಇಟ್ಟೆ. ಬೂಟು ಮೊಣಕಾಲಿನವರೆಗೆ ಹೂತುಹೋಯಿತು. ಕಾಲು ಬಂತು, ಬೂಟು ಬರಲಿಲ್ಲ. ಎರಡೂ ಕೈ ಹಾಕಿ ಕಿತ್ತಾಗ "ಪಚಕ್" ಅಂತ ಸದ್ದು. ಆ ಇಡೀ ದಿನದಲ್ಲಿ ಮಗಳು ನಕ್ಕಿದ್ದು ಆಗ ಮಾತ್ರ. ತಳಕ್ಕೆ ಇಳಿಯಬೇಡಿ ಅಂತ ಸುಮ್ನೆ ಹೇಳಿರುವುದಿಲ್ಲ. ಕೆಸರು ಒಂದು ಕಾರಣ. ಹಳೇ ಕಾಲದ ಮೂಲನಿವಾಸಿಗಳ ಕಲ್ಲಿನ ಸಾಮಾನು ಅಲ್ಲಿ ಬಯಲಿಗೆ ಬೀಳುತ್ತವೆ, ಹೆಕ್ಕಿದರೆ ಅಪರಾಧ. ಅದು ಇನ್ನೊಂದು.

ನಾಯಿ ಹಿಡಿದುಕೊಂಡು ಬಂದ ಒಬ್ಬ ಅಜ್ಜ ನನ್ನ ಬೂಟು ನೋಡಿ ನಿಂತರು. ಹಿಂದೆಲ್ಲ ಇಲ್ಲಿ ಕ್ರ್ಯಾಪಿ, ಬಾಸ್ ಮೀನು ಹಿಡಿಯಲು ಬರುತ್ತಿದ್ದರಂತೆ. ಖಾಲಿ ಮಾಡಲು ಶುರು ಮಾಡಿದ ಮೇಲೆ ಅವೆಲ್ಲ ಕೊಚ್ಚಿಕೊಂಡು ಹೋದವು. ಅವು ಹೊರಗಿನಿಂದ ಬಂದ ಮೀನುಗಳು, ಸಾಲ್ಮನ್ ಮರಿ ತಿನ್ನುವಂಥವು ಕೂಡ. ಸಾಲ್ಮನ್‌ಗೆ ಒಳ್ಳೆಯದಾಯಿತು, ಅಜ್ಜನ ಗಾಳಕ್ಕೆ ಕೆಲಸ ಹೋಯಿತು. ಎಲ್ಲ ಡ್ಯಾಮಲ್ಲೂ ಇದು ಇಷ್ಟು ಸಲೀಸಲ್ಲ ಅಂತಲೂ ಹೇಳಿದರು. 2023ರಲ್ಲಿ ಇದೇ ರಾಜ್ಯದ ಗ್ರೀನ್ ಪೀಟರ್ ಡ್ಯಾಮಿನ ನೀರು ಇಳಿಸಿದಾಗ ಸಾವಿರಾರು ಕೊಕಾನೀ ಮೀನು ನೀರಿನ ಒತ್ತಡ ಒಮ್ಮೆಲೇ ಬದಲಾದದ್ದು ತಾಳದೆ ಸತ್ತವು, ಕೆಳಗಿನ ಸ್ವೀಟ್ ಹೋಮ್, ಲೆಬನಾನ್ ಊರುಗಳ ಕುಡಿಯುವ ನೀರಿಗೆ ರಾಡಿ ಬಂತು. ಅಜ್ಜನಿಗೆ ಸಿಟ್ಟಿತ್ತೋ ಬೇಜಾರಿತ್ತೋ ಗೊತ್ತಾಗಲಿಲ್ಲ. ನಾಯಿ ಎಳೆಯಿತು, ಹೊರಟರು.

ಕಾರಲ್ಲಿ ಹೀಟರ್ ಹಾಕಿ ಕೂತು ಅಪ್ಪನಿಗೆ ಫೋಟೋ ಕಳಿಸಿದೆ. ಊರಲ್ಲಿ ರಾತ್ರಿ ತುಂಬಾ ಆಗಿತ್ತು, ಆದರೂ ಕೂಡಲೇ ಫೋನ್ ಬಂತು. ಲಿಂಗನಮಕ್ಕಿ ಹಿನ್ನೀರಲ್ಲಿ ನಮ್ಮ ಮನೆ ಮುಳುಗಿದಾಗ ಅಪ್ಪನಿಗೆ ಏಳು ವರ್ಷ.

"ನೀರು ಎಂತಕ್ಕೆ ಬಿಟ್ಟಿದ್ದು ಮಾರಾಯ? ಕರೆಂಟಿಗಾ?"

"ಅಲ್ಲಪ್ಪ, ಮೀನಿಗೆ."

"ಮೀನಿಗಾ!" ಅಂದರು. ಸ್ವಲ್ಪ ಹೊತ್ತು ಮಾತಿಲ್ಲ. ಫೋಟೋ ದೊಡ್ಡದು ಮಾಡಿ ನೋಡುತ್ತಿದ್ದರು ಅಂತ ಕಾಣುತ್ತದೆ. ಆಮೇಲೆ ಕೇಳಿದರು, "ಆ ಬುಡದ ಪಕ್ಕ ಗೆರೆ ಥರ ಉಂಟಲ್ಲ, ಅದು ಹಳೇ ರಸ್ತೆಯಾ?"

ಕಿಟಕಿ ಒರೆಸಿ ನೋಡಿದೆ. ಮಂಜು ಇಳಿದಿತ್ತು.