ಲೆಕ್ಕ ಗೊತ್ತಿರುವವರನ್ನು ಮೊದಲೇ ಕರೆಯಿರಿ

ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಆರೋಗ್ಯ ಸಂಶೋಧನೆಗಳ ಅಂಕಿಅಂಶ ನೋಡಿಕೊಳ್ಳುವ ಘಟಕ, ಅಂದರೆ ಬಯೋಸ್ಟ್ಯಾಟಿಸ್ಟಿಕ್ಸ್ ಕೋರ್‌ನಲ್ಲಿ ನನ್ನ ಕೆಲಸ. ನಮಗೆ ಸ್ವಂತ ಸಂಶೋಧನೆ ಕಡಿಮೆ. ಕ್ಷಯ, ಸಕ್ಕರೆ ಕಾಯಿಲೆ, ಬಾಣಂತಿಯರ ಆರೋಗ್ಯ, ಹೀಗೆ ಬೇರೆ ಬೇರೆ ವಿಷಯ ಹಿಡಿದ ತಂಡಗಳಿಗೆಲ್ಲ ಅಂಕಿಅಂಶದ ಕೆಲಸ ಮಾಡಿಕೊಡೋದು ನಾವೇ. ಚಿಕ್ಕ ತಂಡಕ್ಕೆ ಸ್ಟ್ಯಾಟಿಸ್ಟಿಷಿಯನ್ ಬೇಕೇ ಬೇಕು, ಆದರೆ ವರ್ಷವಿಡೀ ಸಂಬಳ ಕೊಟ್ಟು ಇಟ್ಟುಕೊಳ್ಳುವಷ್ಟು ದುಡ್ಡೂ ಇರೋದಿಲ್ಲ, ಕೆಲಸವೂ ಇರೋದಿಲ್ಲ. ಅದಕ್ಕೇ ಈ ಹಂಚಿಕೊಳ್ಳುವ ಏರ್ಪಾಡು.

ದೊಡ್ಡ ಯೋಜನೆಗಳು ಗ್ರ್ಯಾಂಟ್ ಅರ್ಜಿಯಲ್ಲೇ ನಮ್ಮ ಸಮಯದ ಒಂದು ಪಾಲನ್ನು ಬಜೆಟ್‌ಗೆ ಸೇರಿಸುತ್ತವೆ. ಉಳಿದವರಿಗೆ ಗಂಟೆ ಲೆಕ್ಕ. ಇನ್ನೂ ಗ್ರ್ಯಾಂಟ್ ಸಿಗದ ಹೊಸಬರಿಗೆ ಮೊದಲ ಮಾತುಕತೆ ಉಚಿತ. ಅನೇಕ ಕಡೆ ಈ ನೆರವಿನ ಹಿಂದೆ ಅಮೆರಿಕ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆಯಾದ ಎನ್‌ಐಎಚ್ 2006ರಲ್ಲಿ ಶುರುಮಾಡಿದ, ಸಂಶೋಧನೆಯನ್ನು ಬೇಗ ರೋಗಿಗಳಿಗೆ ತಲುಪಿಸಲು ಕೊಡುವ ಸಿಟಿಎಸ್‌ಎ ಅನುದಾನ ಇದೆ.

ಆ ಮೊದಲ ಮಾತುಕತೆಯೇ ನನ್ನ ಪ್ರಕಾರ ಇಡೀ ಏರ್ಪಾಡಿನ ಜೀವ. ಸಿಗರೇಟ್ ಬಿಡಿಸುವ ಒಂದು ಕಾರ್ಯಕ್ರಮ ಅಂದುಕೊಳ್ಳಿ. ಈಗ ನೂರಕ್ಕೆ 10 ಮಂದಿ ಬಿಡುತ್ತಿದ್ದಾರೆ, ಹೊಸ ಸಲಹಾ ಪದ್ಧತಿಯಿಂದ ಅದು 15 ಆಗಬಹುದು ಅನ್ನೋದು ತಂಡದ ನಿರೀಕ್ಷೆ. ಶೇಕಡಾ 5 ಸಿಗ್ನಿಫಿಕೆನ್ಸ್ (ಇಲ್ಲದ ವ್ಯತ್ಯಾಸವನ್ನು ಇದೆ ಅಂದುಬಿಡುವ ಅಪಾಯ), ಶೇಕಡಾ 80 ಪವರ್ (ನಿಜವಾಗಿ ಇರುವ ವ್ಯತ್ಯಾಸವನ್ನು ಹಿಡಿಯುವ ಸಾಧ್ಯತೆ) ಇಟ್ಟರೆ ಒಂದೊಂದು ಗುಂಪಿಗೆ 700ರ ಹತ್ತಿರ ಜನ ಬೇಕು. ಆದರೆ ಸಲಹೆ ಕೊಡೋದು ಕ್ಲಿನಿಕ್‌ನ ನರ್ಸ್. ಒಂದೇ ಕಡೆ ಒಬ್ಬರಿಗೆ ಹಳೆಯ ಪದ್ಧತಿ, ಪಕ್ಕದವರಿಗೆ ಹೊಸದು ಅಂತ ನಡೆಸೋದು ಕಷ್ಟ. ಹಾಗಾಗಿ ಇಡೀ ಕ್ಲಿನಿಕ್ಕನ್ನೇ ಚೀಟಿ ಎತ್ತಿ ಗುಂಪಿಗೆ ಹಾಕುತ್ತಾರೆ. ಒಂದೇ ಕ್ಲಿನಿಕ್‌ಗೆ ಬರುವವರು ಒಬ್ಬರನ್ನೊಬ್ಬರು ಸ್ವಲ್ಪ ಹೋಲುತ್ತಾರೆ, ಅಲ್ವಾ? ಹಾಗಾಗಿ ಒಬ್ಬೊಬ್ಬರಿಂದ ಸಿಗುವ ಹೊಸ ಮಾಹಿತಿ ಕಡಿಮೆ, ಜನ ಜಾಸ್ತಿ ಬೇಕು. ಆ ಹೋಲಿಕೆಯ ಅಳತೆ (ಸೊನ್ನೆ ಅಂದರೆ ಹೋಲಿಕೆಯೇ ಇಲ್ಲ, ಒಂದು ಅಂದರೆ ಎಲ್ಲರೂ ಒಂದೇ ಥರ) ಬರೀ 0.05 ಇದ್ದು, ಕ್ಲಿನಿಕ್‌ಗೆ 21 ಜನರಂತೆ ಸೇರಿಸಿದರೂ ಬೇಕಾದ ಸಂಖ್ಯೆ ಸರಿಯಾಗಿ ಎರಡು ಪಟ್ಟು ಆಗುತ್ತದೆ. ಗುಂಪಿಗೆ 65ಕ್ಕೂ ಜಾಸ್ತಿ ಕ್ಲಿನಿಕ್ ಬೇಕು!

ಇದು ಶುರುವಿನಲ್ಲೇ ಗೊತ್ತಾದರೆ ದಾರಿಗಳಿವೆ. ಬೇರೆ ವಿನ್ಯಾಸ ನೋಡಬಹುದು, ಪಕ್ಕದ ಜಿಲ್ಲೆಯ ಕ್ಲಿನಿಕ್‌ಗಳನ್ನು ಕೇಳಬಹುದು. ಅದು ಬಿಟ್ಟು ಹೊಸ ಪದ್ಧತಿಗೆ ಒಂದು ಕ್ಲಿನಿಕ್, ಹಳೆಯದಕ್ಕೆ ಒಂದು ಕ್ಲಿನಿಕ್ ಅಂತ ಇಟ್ಟು ಸಾವಿರಾರು ಜನರನ್ನು ಸೇರಿಸಿ ತಂದರೆ? ಕಂಡ ವ್ಯತ್ಯಾಸ ಪದ್ಧತಿಯದೋ ಕ್ಲಿನಿಕ್‌ನದೋ ಯಾರೂ ಹೇಳಲಾರರು. ಯಾವ ಸಾಫ್ಟ್‌ವೇರೂ ಅದನ್ನು ಸರಿಮಾಡಲ್ಲ. ಪ್ರಯೋಗ ಮುಗಿದ ಮೇಲೆ ಸ್ಟ್ಯಾಟಿಸ್ಟಿಷಿಯನ್ ಹತ್ತಿರ ಹೋಗೋದು ಮರಣೋತ್ತರ ಪರೀಕ್ಷೆ ಮಾಡಿಸಿದ ಹಾಗೆ ಅಂತ ಆಧುನಿಕ ಸಂಖ್ಯಾಶಾಸ್ತ್ರಕ್ಕೆ ಬುನಾದಿ ಹಾಕಿದ ರೊನಾಲ್ಡ್ ಫಿಶರ್ ಹೇಳಿದ್ದು 1938ರಲ್ಲಿ, ಅದೂ ಕಲ್ಕತ್ತೆಯಲ್ಲಿ. ಇಷ್ಟು ವರ್ಷವಾದರೂ ಕೊನೆಯಲ್ಲಿ ಬರುವ ತಂಡಗಳು ಕಡಿಮೆಯಾಗಿಲ್ಲ. ಸಮಯ ಕೊಟ್ಟ ರೋಗಿಗಳನ್ನು ನೆನೆದರೆ ಬೇಜಾರಾಗುತ್ತದೆ.

ಡೇಟಾ ಹಾಳೆಯನ್ನೂ ಮೊದಲೇ ತೋರಿಸಿದರೆ ಒಳ್ಳೆಯದು. ದಿನಕ್ಕೆ ಎಷ್ಟು ಸಿಗರೇಟ್ ಅನ್ನೋ ಕಾಲಮ್‌ನಲ್ಲಿ 99 ಅಂತಿರುತ್ತದೆ. ಅದು 'ಉತ್ತರ ಕೊಟ್ಟಿಲ್ಲ' ಅನ್ನೋದರ ಗುರುತು. ಕೋಡ್ ಪಟ್ಟಿ ಜೊತೆಗಿಲ್ಲದಿದ್ದರೆ ಅದೂ ಸರಾಸರಿಗೆ ಸೇರಿ ಲೆಕ್ಕವೆಲ್ಲ ಕೆಡುತ್ತದೆ.

ಹಂಚಿಕೊಳ್ಳೋದರಲ್ಲಿ ತೊಂದರೆಯೂ ಇದೆ. ಎನ್‌ಐಎಚ್‌ನ ಹೊಸ ಆರ್01 (ಸಂಶೋಧನಾ ಯೋಜನೆಗೆ ಕೊಡುವ ಮುಖ್ಯ ಗ್ರ್ಯಾಂಟ್) ಅರ್ಜಿಗಳಿಗೆ ಫೆಬ್ರವರಿ 5, ಜೂನ್ 5, ಅಕ್ಟೋಬರ್ 5 ಸಾಮಾನ್ಯ ಗಡುವು. ಅದಕ್ಕೆ ಮುಂಚಿನ ವಾರ ಎಲ್ಲರೂ ಒಟ್ಟಿಗೇ ಬಾಗಿಲು ತಟ್ಟುತ್ತಾರೆ. ಆಗ ಆತುರದಲ್ಲಿ ಸ್ಯಾಂಪಲ್ ಸೈಜ್, ಅಂದರೆ ಎಷ್ಟು ಜನ ಬೇಕು ಅನ್ನೋ ಲೆಕ್ಕ ಮಾಡಿಕೊಡಬಹುದು ಅಷ್ಟೇ, ಕೂತು ಪ್ರಶ್ನೆಯನ್ನು ತಿದ್ದಲು ಆಗಲ್ಲ.

ಸಾರ್ವಜನಿಕ ಆರೋಗ್ಯ ಓದಲು ಇಲ್ಲಿಗೆ ಬರುವವರಿದ್ದರೆ, ಸೇರಿದ ಕೂಡಲೇ ನಿಮ್ಮ ವಿಭಾಗಕ್ಕೆ ಇಂಥ ಕೋರ್ ಇದೆಯಾ, ವಿದ್ಯಾರ್ಥಿಗಳ ಕೆಲಸಕ್ಕೂ ನೆರವು ಸಿಗುತ್ತದಾ ಅಂತ ವಿಚಾರಿಸಿ. ಹೋಗುವಾಗ ಪೂರ್ತಿ ಪ್ರಸ್ತಾವನೆ ಬೇಕಿಲ್ಲ. ಏನನ್ನು ತಿಳಿಯಬೇಕು, ಯಾವುದನ್ನು ಅಳೆಯುತ್ತೀರಿ, ಎಷ್ಟು ವ್ಯತ್ಯಾಸ ಬಂದರೆ ರೋಗಿಗೆ ಉಪಯೋಗ, ಇಷ್ಟು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರೆ ಸಾಕು.