ಚಿಕ್ಕಮ್ಮನೋ, ಮಾವನೋ?

“ಮಗು ನಿಮ್ಮನ್ನ ಏನಂತ ಕರೆಯುತ್ತೆ?” ಮದುವೆಮನೆಯಲ್ಲಿ ಪಕ್ಕದ ಎಲೆಯವರು ಸಾರು ಬರುವಷ್ಟರಲ್ಲಿ ಕೇಳಿಬಿಡುವ ಪ್ರಶ್ನೆ ಇದು. ನಾನು ಗಂಡೂ ಅಲ್ಲ, ಹೆಣ್ಣೂ ಅಲ್ಲ. ನಾನ್‌ಬೈನರಿ. ಅಕ್ಕನಿಗೆ ಐದು ವರ್ಷದ ಮಗು ಇದೆ. ಅದಕ್ಕೆ ನಾನು ಚಿಕ್ಕಮ್ಮನೋ ಮಾವನೋ ಅನ್ನೋದು ಊರಿಗೆಲ್ಲ ತೀರ್ಮಾನ ಆಗಬೇಕಾಗಿದೆ.

ನಮ್ಮಲ್ಲಿ ಕಿರಿಯರನ್ನು ಕರೆಯೋದು ಸುಲಭ. ಹೆಸರು ಹಿಡಿದರಾಯಿತು, ಇಲ್ಲಾಂದ್ರೆ ಮರಿ, ಕಂದ, ಪಾಪು. ಇಂಗ್ಲಿಷಿನವರು ನೀಸ್, ನೆಫ್ಯೂ ಎರಡಕ್ಕೂ ಸೇರಿಸಿ ‘ನಿಬ್ಲಿಂಗ್’ ಅಂತ ಹೊಸ ಪದ ಕಟ್ಟಿಕೊಂಡರು. ನಮಗೆ ‘ಅಕ್ಕನ ಮಗು’ ಅಂದರೆ ಸಾಕು. ಮೊಮ್ಮಗು ಅಂದರೂ ಅಷ್ಟೆ, ಗಂಡೋ ಹೆಣ್ಣೋ ಅಂತ ಯಾರೂ ಕೇಳಲ್ಲ.

ಕಷ್ಟ ಇರೋದು ಹಿರಿಯರದು. ಹೆಸರು ಹಿಡಿಯುವಂತಿಲ್ಲ, ಸಂಬಂಧ ಹೇಳಲೇಬೇಕು. ಅದಕ್ಕೊಂದು ಲೆಕ್ಕವೂ ಇದೆ. ಅಮ್ಮನ ತಂಗಿ ಚಿಕ್ಕಮ್ಮ. ಅವರ ಮಕ್ಕಳು ನಮಗೆ ಅಣ್ಣ, ತಮ್ಮ, ಅಕ್ಕ, ತಂಗಿ. ಅಮ್ಮನ ತಮ್ಮ ಸೋದರಮಾವ. ಅವರ ಮಕ್ಕಳಾದರೆ ಎಷ್ಟೋ ಮನೆಗಳಲ್ಲಿ ಹೆಣ್ಣು ಕೇಳಬಹುದು, ಗಂಡು ಕೇಳಬಹುದು. ಪದ ಬದಲಾದರೆ ಮದುವೆ ಮಾತೇ ಬದಲಾಗುತ್ತದೆ. ಇಬ್ಬರಿಗೂ ಸೇರಿ ಒಂದು ಪದ ಹುಟ್ಟದೇ ಇದ್ದದ್ದರಲ್ಲಿ ಆಶ್ಚರ್ಯ ಇಲ್ಲ ಅಲ್ವಾ? ನನ್ನಿಂದ ಯಾರ ಮದುವೆಗೂ ತೊಂದರೆ ಇಲ್ಲ ಅಂತ ಹೇಳಿ ನೋಡಿದ್ದೇನೆ. ನಗುತ್ತಾರೆ, ಮತ್ತೆ ಅದೇ ಪ್ರಶ್ನೆ ಕೇಳುತ್ತಾರೆ.

ಅಮ್ಮನದು ಬೇರೆ ಪೇಚಾಟ. “ಅವರು ಅನ್ನು, ಸಾಕು” ಅಂದೆ. “ಹೊಟ್ಟೇಲಿ ಹುಟ್ಟಿದ್ದನ್ನ ಅವರು ಅಂದ್ರೆ ನೆಂಟರ ಮಾತಾಡಿದ ಹಾಗಾಗುತ್ತೆ” ಅಂದರು. ಈಗ “ಇದು ಇನ್ನೂ ಎದ್ದಿಲ್ಲ”, “ಇದಕ್ಕೆ ಉಪ್ಪಿಟ್ಟು ಆಗಲ್ಲ” ಅನ್ನುತ್ತಾರೆ. ಬಸ್ಸಿನಲ್ಲಿ ಯಾರೋ ನನ್ನನ್ನು ‘ಅದು’ ಅಂದರೆ ಮೈ ಉರಿಯುತ್ತದೆ. ಅಮ್ಮನ ‘ಇದು’ ಬೇರೆ. ಮಗುವಾಗಿದ್ದಾಗ ಅಂದ ಹಾಗೇ ಅನ್ನುತ್ತಾರೆ.

ಅಷ್ಟಕ್ಕೂ ನಮ್ಮ ಮನೆಗಳಲ್ಲಿ ಕರೆಯೋ ಹೆಸರು ಯಾವಾಗ ಸರಿಯಾಗಿತ್ತು? ಅಪ್ಪನನ್ನೇ ‘ಅಣ್ಣ’ ಅನ್ನುವ ಮನೆಗಳು ಎಷ್ಟಿಲ್ಲ? ಚಿಕ್ಕಪ್ಪಂದಿರು ಕರೆದದ್ದನ್ನು ಕೇಳಿ ಮಕ್ಕಳೂ ಕಲಿತವು, ಅಷ್ಟೆ. ನಾನು ಚಿಕ್ಕಮ್ಮನಲ್ಲಿ ಅಮ್ಮ ಬೇಡ ಅಂದೆ. ‘ಚಿಕ್ಕ’ ಉಳಿಯಿತು. ಚಿಕ್ಕಿ ಅನ್ನೋಣ ಅಂದರೆ ಎಷ್ಟೋ ಕಡೆ ಅದೂ ಚಿಕ್ಕಮ್ಮನೇ. ಮಗು ಸುಮ್ನೆ ‘ಚಿಕ್ಕು’ ಅಂತು. ಹಣ್ಣಿನ ಹೆಸರು. ನನ್ನ ಬಣ್ಣಕ್ಕೂ ಹೊಂದುತ್ತದೆ ಬಿಡಿ.

2014ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮೂರನೆಯ ಲಿಂಗವನ್ನು ಒಪ್ಪಿತು. ಎಷ್ಟೋ ಫಾರಂಗಳಲ್ಲಿ ಲಿಂಗ ಅನ್ನೋ ಕಡೆ ಮೂರನೇ ಚೌಕ ಬಂದಿದೆ. ‘ಸಂಬಂಧ’ ಅನ್ನೋ ಕಡೆ ಏನೂ ಬಂದಿಲ್ಲ. ಹೋದ ವಾರ ಮಗುವನ್ನು ಕರೆತರಲು ಶಾಲೆಗೆ ಹೋಗಿದ್ದೆ. ಗೇಟಿನ ಹತ್ತಿರ ಆಯಾ ರಿಜಿಸ್ಟರ್ ಹಿಡಿದು, “ಯಾರು ಪುಟ್ಟಾ ಇವರು?” ಅಂದರು.

“ಚಿಕ್ಕು.”

“ಹಂಗಂದ್ರೆ?”

ಮಗು ಅಜ್ಜಿಯ ಮಾತನ್ನು ಹಾಗೇ ಒಪ್ಪಿಸಿತು: “ಅಮ್ಮನ ಬೆನ್ನಿಗೆ ಹುಟ್ಟಿದ್ದು.”

ಆಯಾ ನಕ್ಕು ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿದರು. “ಅದನ್ನೇ ಬರೀರಿ.”