ಟರ್ನ್‌ಬಕಲ್ ಮುಟ್ಟುವ ಮೊದಲು

ಏಪ್ರಿಲ್ 12, 2024, ಶುಕ್ರವಾರ

ನೀರಿನ ಮೇಲಿಂದಲೇ ಏರಿ ಇಳಿಯುವ ಸೀಪ್ಲೇನ್ ಇದು. ಪೈಲಟ್ ಬರೆದಿಟ್ಟಿದ್ದು ಒಂದೇ ಸಾಲು: ನೀರಿನ ಮೇಲೆ ಎಡಕ್ಕೆ ಎಳೆಯುತ್ತದೆ. ಇದನ್ನು ಓದಿದ ಕೂಡಲೇ ಎಲ್ಲರ ಕೈಯೂ ಚುಕ್ಕಾಣಿಯ ಕೇಬಲ್ ಬಿಗಿ ಮಾಡುವ ತಿರುಪಾದ ಟರ್ನ್‌ಬಕಲ್ ಕಡೆಗೇ ಹೋಗುತ್ತದೆ. ಎರಡು ಸುತ್ತು ಬಿಗಿ ಮಾಡಿದರೆ ಆಯ್ತಲ್ವಾ ಅಂತ. ನಾನು ಮೊದಲು ನೀರು ತೆಗೆಯುವ ಪಂಪ್ ಎತ್ತಿಕೊಂಡೆ.

ಯಾಕಂದ್ರೆ ಎಡಕ್ಕೆ ಎಳೆಯೋದಕ್ಕೆ ಚುಕ್ಕಾಣಿಯೇ ಕಾರಣ ಆಗಬೇಕಿಲ್ಲ. ವಿಮಾನವನ್ನು ತೇಲಿಸುವ ಎರಡು ಫ್ಲೋಟುಗಳಲ್ಲಿ ಎಡದ್ದರ ಯಾವುದಾದರೂ ಕೋಣೆಯಲ್ಲಿ ನೀರು ಸೇರಿಕೊಂಡಿದ್ದರೆ ವಿಮಾನ ಆ ಕಡೆಗೇ ಎಳೆಯುತ್ತದೆ. ಪಕ್ಕದಿಂದ ಗಾಳಿ ಬೀಸಿದರೆ ಮೂಗು ತಾನಾಗಿಯೇ ಗಾಳಿಯತ್ತ ತಿರುಗುತ್ತದೆ, ಅದು ಸೀಪ್ಲೇನಿನ ಹುಟ್ಟುಗುಣ. ಎಲ್ಲ ಕೋಣೆಗೂ ಪಂಪ್ ಹಾಕಿ ನೋಡಿದೆ, ನೀರು ಬಂದಿದ್ದು ಸ್ವಲ್ಪವೇ. ಗಾಳಿ ಇಲ್ಲದಾಗಲೂ ಹೀಗೇ ಆಗುತ್ತೆ ಅಂದರು ಪೈಲಟ್. ಸರಿ, ಹಾಗಾದರೆ ವಾಟರ್ ರಡ್ಡರ್, ಅಂದರೆ ನೀರಿನೊಳಗೆ ಆಡುವ ಚುಕ್ಕಾಣಿ, ನೋಡಲೇಬೇಕು.

ನೀರಿನ ಮೇಲೆ ಬ್ರೇಕ್ ಅನ್ನೋದೇ ಇಲ್ಲ. ನಿಧಾನವಾಗಿ ಹೋಗುವಾಗ ಬಾಲದ ದೊಡ್ಡ ರಡ್ಡರಿಗೆ ಸಾಕಷ್ಟು ಗಾಳಿ ಸಿಗುವುದಿಲ್ಲ. ಆಗ ದಿಕ್ಕು ಹಿಡಿಯೋದು ಫ್ಲೋಟಿನ ಹಿಂತುದಿಯಲ್ಲಿರುವ ಈ ಪುಟ್ಟ ಬ್ಲೇಡುಗಳು. ಪೆಡಲಿನಿಂದ ಕೇಬಲ್ ಬರುತ್ತದೆ, ನಡುವೆ ಸ್ಪ್ರಿಂಗ್ ಇರುತ್ತದೆ. ಆ ಸ್ಪ್ರಿಂಗ್ ಸುಮ್ನೆ ಹಾಕಿದ್ದಲ್ಲ. ಬ್ಲೇಡಿಗೆ ಜೊಂಡೋ ಕಲ್ಲೋ ಸಿಕ್ಕಿ ಅದು ಅಲ್ಲಾಡದೆ ನಿಂತರೂ ಬಾಲದ ರಡ್ಡರ್ ಆಡಬೇಕು, ಅದಕ್ಕೆ.

ಪೆಡಲುಗಳನ್ನು ಸಮಕ್ಕೆ ತಂದು ಪಟ್ಟಿ ಕಟ್ಟಿ, ಬಾಲದ ರಡ್ಡರ್ ನಡುವಿನಲ್ಲೇ ಇದೆ ಅಂತ ಖಾತ್ರಿ ಮಾಡಿಕೊಂಡು, ಎರಡೂ ಬ್ಲೇಡನ್ನು ಕೆಳಗಿಳಿಸಿ ಹಿಂದಿನಿಂದ ಬಗ್ಗಿ ನೋಡಿದೆ. ಬಲದ್ದು ಫ್ಲೋಟಿನ ತಳದ ನಡುಗೆರೆಗೆ ಸರಿಯಾಗಿ ನೆಟ್ಟಗಿತ್ತು. ಎಡದ್ದರ ಹಿಂತುದಿ ಎಡಕ್ಕೆ ವಾಲಿತ್ತು. ಕೇಬಲ್ ಸಡಿಲವಾಗಿದೆ ಅನ್ನೋದು ಕೈಗೇ ಗೊತ್ತಾಗುತ್ತಿತ್ತು.

ಇಲ್ಲಿಗೇ ಬಿಗಿ ಮಾಡಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಕೇಬಲ್ ಸುಮ್ಮಸುಮ್ಮನೆ ಸಡಿಲ ಆಗಲ್ಲ. ಹಳೇ ಹತ್ತಿ ಬಟ್ಟೆ ಹಿಡಿದು ಕೇಬಲಿನ ಉದ್ದಕ್ಕೂ ಸವರುತ್ತಾ ಬಂದೆ. ಹಿಂದಿನ ಪುಲ್ಲಿ ಹತ್ತಿರ ಬಟ್ಟೆ ಚುರ್ರನೆ ಸಿಕ್ಕಿಕೊಂಡಿತು. ಕೇಬಲನ್ನು ಸಡಿಲಿಸಿ ಅಲ್ಲಿ ಬಗ್ಗಿಸಿ ನೋಡಿದರೆ ಕೂದಲಿನಂಥ ಎಳೆಗಳು ಕಿತ್ತು ಮೇಲೆದ್ದಿದ್ದವು. ಪುಲ್ಲಿಯನ್ನು ಬೆರಳಿನಿಂದ ತಿರುಗಿಸಿದೆ, ಜಪ್ಪಯ್ಯ ಅಂದರೂ ತಿರುಗಲಿಲ್ಲ. ಉಪ್ಪು, ಮರಳು ಸೇರಿ ಒಳಗೆ ಕಚ್ಚಿಕೊಂಡಿತ್ತು. ಅದರ ಮೇಲೆ ಕೇಬಲ್ ಉಜ್ಜಿ ಉಜ್ಜಿ ಪುಲ್ಲಿಯ ಕಚ್ಚಿನ ಒಂದು ಕಡೆ ತೋಡಿಯೇ ಬಿಟ್ಟಿತ್ತು. ಸುಮ್ನೆ ಬಿಗಿ ಮಾಡಿದ್ದರೆ ಬ್ಲೇಡ್ ನೆಟ್ಟಗೆ ಕಾಣುತ್ತಿತ್ತು, ಕೇಬಲ್ ಮಾತ್ರ ಇನ್ನೂ ಬೇಗ ಹರಿಯುತ್ತಿತ್ತು.

ಪುಲ್ಲಿ, ಕೇಬಲ್ ಎರಡನ್ನೂ ಬದಲಾಯಿಸಿದೆ. ಆಮೇಲೆ ಟರ್ನ್‌ಬಕಲ್. ಅದರ ನಡುವಿನ ಕೊಳವೆಯಿಂದ ಎರಡೂ ಕಡೆ ತಿರುಪಿನ 3 ಸುತ್ತಿಗಿಂತ ಜಾಸ್ತಿ ಹೊರಗೆ ಕಾಣಬಾರದು, ಕಂಡರೆ ಕೇಬಲಿನ ಉದ್ದವೇ ತಪ್ಪು ಅಂತ ಅರ್ಥ. ಇನ್ನೊಂದು ವಿಷಯ ಹಲವರು ಮರೆಯುತ್ತಾರೆ. ಒಂದು ಕಡೆಯ ಕೇಬಲ್ ಜಾಸ್ತಿ ಬಿಗಿಯಾದರೆ ಅದು ಬಾಲದ ರಡ್ಡರನ್ನೂ ತನ್ನ ಕಡೆ ಎಳೆಯುತ್ತದೆ, ಆಗ ನೀರಿನ ಮೇಲೆ ಸರಿಯಾದ ವಿಮಾನ ಗಾಳಿಯಲ್ಲಿ ಅಡ್ಡಡ್ಡ ಹಾರುತ್ತದೆ! ಹಾಗಾಗಿ ಪಟ್ಟಿ ಬಿಚ್ಚಿ ಪೆಡಲ್ ತಾನಾಗಿ ನಡುವಿಗೆ ಬರುತ್ತದಾ ಅಂತ ನೋಡಿ ಆಮೇಲೆ ತಿರುಪು ಬಿಚ್ಚಿಕೊಳ್ಳದ ಹಾಗೆ ಲಾಕ್ ವೈರ್ ಸುತ್ತಿದೆ.

ಬ್ಲೇಡುಗಳನ್ನು ನೀರಿನಿಂದ ಮೇಲೆತ್ತುವ ಕೇಬಲ್ ಬಗ್ಗೆ ದೂರೇ ಇರಲಿಲ್ಲ. ಆದರೂ ನನಗೆ ಅದರದ್ದೇ ಚಿಂತೆ ಜಾಸ್ತಿ. ದಿಕ್ಕು ಸರಿಯಾಗಿ ತಿರುಗದ ಬ್ಲೇಡ್ ಬರೀ ಕಿರಿಕಿರಿ. ಮೇಲೇಳದ ಬ್ಲೇಡ್ ಅಪಾಯ. ಟೇಕಾಫ್, ಲ್ಯಾಂಡಿಂಗ್ ಹೊತ್ತಿಗೆ ಎರಡೂ ಮೇಲಿರಬೇಕು, ಆ ವೇಗದಲ್ಲಿ ನೀರಿನ ಪೆಟ್ಟು ಬಿದ್ದರೆ ಕೀಲು ಮುರಿಯಬಹುದು, ವಿಮಾನದ ದಿಕ್ಕೇ ತಪ್ಪಬಹುದು. ಕಾಕ್‌ಪಿಟ್ಟಿನ ಹಿಡಿಯನ್ನು ಎಳೆದು ಕೊಕ್ಕೆಗೆ ಹಾಕಿ ಹಿಂದೆ ಬಂದು ನೋಡಿದೆ. ಎರಡೂ ಒಂದೇ ಎತ್ತರಕ್ಕೆ ಎದ್ದಿದ್ದವು. ಕೊಕ್ಕೆಯ ತುದಿ ಮಾತ್ರ ಸವೆದು ನುಣುಪಾಗಿತ್ತು, ಹಿಡಿಯನ್ನು ಸ್ವಲ್ಪ ಅಲುಗಿಸಿದರೆ ಜಾರುತ್ತಿತ್ತು. ಅದನ್ನೂ ಬದಲಾಯಿಸಿದೆ. ಬ್ಲೇಡಿನ ಕೀಲಿನಲ್ಲಿ ಸ್ವಲ್ಪ ಸಡಿಲ ಇದೆ, ಆದರೆ ಮಿತಿಯೊಳಗೇ ಇದೆ. ಸಿಹಿನೀರಿನಲ್ಲಿ ತೊಳೆದು ಗ್ರೀಸ್ ತುಂಬಿದೆ.

ಸಂಜೆ ಗಾಳಿ ನಿಂತ ಮೇಲೆ ನೀರಿಗಿಳಿಸಿ ಎಡಕ್ಕೊಂದು ಬಲಕ್ಕೊಂದು ಸುತ್ತು ಹೊಡೆಸಿದೆವು, ಸುತ್ತಿನ ಅಗಲ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ. ಪೆಡಲಿನಿಂದ ಕಾಲು ತೆಗೆದರೆ ನೆಟ್ಟಗೆ ಹೋಯಿತು. ಬಲ ಫ್ಲೋಟಿನ ಪುಲ್ಲಿಗೂ ಅದೇ ವಯಸ್ಸು, ಇನ್ನೂ ತಿರುಗುತ್ತದೆ ಆದರೆ ಒರಟಾಗಿದೆ. ಹೊಸದಕ್ಕೆ ಆರ್ಡರ್ ಬರೆದಿಟ್ಟೆ.